ಕುಂದಾಪುರ ಸೀಮೆಯ ಅಳಿವೆಗಳು: ಜನ, ವನ್ಯಜೀವಿ ಮತ್ತು ಸಂರಕ್ಷಣೆ

ಉಡುಪಿ ಜಿಲ್ಲೆಯ ಬೈಂದೂರು, ಕುಂದಾಪುರ ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಹೊಳೆಗಳು ಕಡಲು ಸೇರುವ ಮೊದಲು ಹರಡಿಕೊಳ್ಳುವ ತಗ್ಗು ನೆಲವೇ ಈ ಅಳಿವೆಗಳ ಸೀಮೆ. ಉಪ್ಪುನೀರಿನ ಹಿನ್ನೀರು, ಇಳಿತದಲ್ಲಿ ಮೇಲೇಳುವ ಕೆಸರು ದಿಬ್ಬ, ಕಾಂಡ್ಲಾ ಎಂಬ ಮ್ಯಾಂಗ್ರೋವ್ ಪೊದೆ, ಕುದ್ರು ಎಂಬ ಹೊಳೆನಡುವಿನ ದ್ವೀಪ, ಬೈಲುಗದ್ದೆ, ಮದಗ, ಕಡಲಬದಿಯ ಮರಳುದಂಡೆ ಎಲ್ಲವೂ ಇದರಲ್ಲಿ ಸೇರುತ್ತವೆ. ದೊಡ್ಡ ಅಳಿವೆಗಳು ಎರಡು: ಗಂಗೊಳ್ಳಿಯಲ್ಲಿ ಕಡಲು ಸೇರುವ ಪಂಚಗಂಗಾವಳಿ ಮತ್ತು ಕೋಡಿಬೆಂಗ್ರೆಯಲ್ಲಿ ಸೇರುವ ಸೀತಾ–ಸ್ವರ್ಣಾ. ಕೊಡೇರಿಯ ಎಡಮಾವಿನ ಹೊಳೆ, ಬೈಂದೂರು ಹೊಳೆಯಂಥ ಸಣ್ಣ ಬಾಯಿಗಳೂ ಇವೆ. ಕುಂದಾಪುರ ಹಳೆಯ ತಾಲ್ಲೂಕು. ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲ್ಲೂಕುಗಳಾದದ್ದು 2018ರಲ್ಲಿ.

ಇದೇ ಹೊಳೆಗಳ ಮೇಲುಭಾಗದಲ್ಲಿ, ಘಟ್ಟದ ಬುಡಕ್ಕೆ, ಮೂಕಾಂಬಿಕಾ ಮತ್ತು ಸೋಮೇಶ್ವರ ಅಭಯಾರಣ್ಯಗಳಿವೆ. ಎರಡೂ 1974ರಲ್ಲಿ ಘೋಷಣೆಯಾದವು, 2011ರಲ್ಲಿ ವಿಸ್ತರಣೆಗೊಂಡವು. ಕೆಳಗಿನ ಅಳಿವೆಗೆ ಅಂಥ ಗೇಟಿಲ್ಲ, ಬೇಲಿಯಿಲ್ಲ. ನೀರುನಾಯಿ ಈಜುವ ಹೊಳೆಯಲ್ಲೇ ಜನ ಬಲೆ ಬೀಸುತ್ತಾರೆ. ಕಡಲಾಮೆ ಮೊಟ್ಟೆಯಿಡುವ ಮರಳಿನ ಮೇಲೇ ದೋಣಿ ಎಳೆದಿಡುತ್ತಾರೆ. ಹಾಗಾಗಿ ಇಲ್ಲಿಯ ಪ್ರಾಣಿ–ಪಕ್ಷಿಗಳ ಅಳಿವು–ಉಳಿವು ಅರಣ್ಯ ಇಲಾಖೆಯ ಫಲಕಗಳಿಗಿಂತ ಹೆಚ್ಚಾಗಿ, ನೀರನ್ನು ಯಾರು ಎಲ್ಲಿ ತಡೆದರು, ಯಾವಾಗ ಬಿಟ್ಟರು ಎಂಬುದರ ಮೇಲೆ ನಿಂತಿದೆ.

ಹೊಳೆ ಮತ್ತು ನೆಲ

ಪಂಚಗಂಗಾವಳಿ ಎಂದರೆ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ ಮತ್ತು ಖೇಟಾ ಎಂಬ ಐದು ಹೊಳೆಗಳ ಕೂಟ. ವಾರಾಹಿಯನ್ನು ಊರವರು ಹಾಲಾಡಿ ಹೊಳೆ ಎಂದೂ ಕರೆಯುತ್ತಾರೆ. ಇವುಗಳಲ್ಲಿ ಸೌಪರ್ಣಿಕೆಯ ನಡೆ ವಿಚಿತ್ರ. ಕೊಡಚಾದ್ರಿಯ ಕಡೆಯಿಂದ ಇಳಿದು ಕೊಲ್ಲೂರು ದಾಟಿ ಬರುವ ಈ ಹೊಳೆ ಮರವಂತೆಯಲ್ಲಿ ಕಡಲಿಗೆ ಕೂಗಳತೆಯಷ್ಟು ಹತ್ತಿರ ಬಂದು, ಕಡಲು ಸೇರದೆ ದಕ್ಷಿಣಕ್ಕೆ ತಿರುಗುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಹೊಳೆಗೂ ಕಡಲಿಗೂ ನಡುವೆ ಹಾದುಹೋಗುವುದನ್ನು ನೋಡಲೆಂದೇ ಪ್ರವಾಸಿಗಳು ಕಾರು ನಿಲ್ಲಿಸುತ್ತಾರೆ. ಅವರಲ್ಲಿ ಬಹುಪಾಲು ಮಂದಿ ಕಡಲ ಕಡೆಗೇ ಮುಖ ಮಾಡಿ ನಿಲ್ಲುವುದರಿಂದ ಬೆನ್ನ ಹಿಂದಿನ ಹೊಳೆಯಲ್ಲಿ ನಡೆಯುವುದು ಅವರ ಗಮನಕ್ಕೆ ಬರುವುದಿಲ್ಲ.

ಹೊಳೆಗಳು ಕೂಡುವಲ್ಲಿ ಕುದ್ರುಗಳಿವೆ. ಹೇರಿಕುದ್ರು, ಉಪ್ಪಿನಕುದ್ರು, ಕನ್ನಡಕುದ್ರು, ಬಬ್ಬುಕುದ್ರು ಅವುಗಳಲ್ಲಿ ಕೆಲವು. ಯಕ್ಷಗಾನ ಗೊಂಬೆಯಾಟದಿಂದ ಹೆಸರಾದ ಉಪ್ಪಿನಕುದ್ರು ಇವುಗಳಲ್ಲಿ ಹೆಚ್ಚು ಪರಿಚಿತ. ಕುದ್ರುಗಳಲ್ಲಿ ತೆಂಗು, ಭತ್ತ, ಮನೆ, ದೈವಸ್ಥಾನ ಎಲ್ಲ ಇವೆ. ಸೇತುವೆಗಳು ಬರುವ ತನಕ ಶಾಲೆಗೂ ಪೇಟೆಗೂ ದೋಣಿಯೇ ಗತಿಯಾಗಿತ್ತು. ವಾರಾಹಿಯ ದಂಡೆಯ ಬಸ್ರೂರು ಒಂದು ಕಾಲದಲ್ಲಿ ಪೋರ್ಚುಗೀಸರ ಕಣ್ಣು ಬಿದ್ದ ದೊಡ್ಡ ಬಂದರು. ಇಂದು ಅಲ್ಲಿಯ ದಂಡೆಯಲ್ಲಿ ನಿಂತರೆ ಹಡಗು ಬರುತ್ತಿತ್ತೆಂದು ನಂಬುವುದು ಕಷ್ಟ. ಹೂಳು ಹೊರುವುದು ಅಳಿವೆಯ ಸಹಜ ಕೆಲಸ; ಬಂದರಿಗೆ ಅದು ಶಾಪವಾದರೆ ಕಪ್ಪೆಚಿಪ್ಪಿಗೂ ಏಡಿಗೂ ಅದೇ ನೆಲೆ.

ಬ್ರಹ್ಮಾವರದ ಕಡೆಯ ಸೀತಾನದಿ ಆಗುಂಬೆಯ ಬಳಿಯ ನರಸಿಂಹ ಪರ್ವತದ ಕಡೆಯಿಂದ ಹುಟ್ಟಿ, ಹೆಬ್ರಿ, ಬಾರ್ಕೂರು ದಾಟಿ ಹಂಗಾರಕಟ್ಟೆಗೆ ಬರುತ್ತದೆ. ಕಾರ್ಕಳದ ಕಡೆಯಿಂದ ಬರುವ ಸ್ವರ್ಣೆ ಕೆಳಗೆ ಜೊತೆಯಾಗುತ್ತದೆ. ಎರಡೂ ಸೇರುವಲ್ಲಿ ಕೋಡಿಬೆಂಗ್ರೆಯ ನಾಲಗೆಯಂಥ ಮರಳುಪಟ್ಟಿ. ಒಂದು ಮಗ್ಗುಲಲ್ಲಿ ಅಲೆ, ಇನ್ನೊಂದು ಮಗ್ಗುಲಲ್ಲಿ ನಿಶ್ಚಲ ಹಿನ್ನೀರು. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ ಕಾದಂಬರಿಯನ್ನು ಕಟ್ಟಿದ್ದು ಇಂಥದೇ ಕಡಲಬದಿಯ ಬದುಕಿನ ಮೇಲೆ. ಈ ನೆಲದಲ್ಲಿ ಬೇಸಾಯ ಮಾಡುವುದರ ಕಷ್ಟ ಅಂಕಿಅಂಶಗಳಿಗಿಂತ ಅಲ್ಲಿ ಚೆನ್ನಾಗಿ ಸಿಗುತ್ತದೆ.

ಕರಾವಳಿಯ ರೈತರು ಗದ್ದೆಯನ್ನು ಎತ್ತರದ ಮೇಲೆ ಮೂರಾಗಿ ವಿಂಗಡಿಸುತ್ತಾರೆ: ಬೆಟ್ಟು, ಮಜಲು, ಬೈಲು. ಬೆಟ್ಟಿಗೆ ಮಳೆಯೇ ಆಧಾರ. ಬೈಲಿನಲ್ಲಿ ನೀರು ನಿಲ್ಲುತ್ತದೆ, ತಡವಾಗಿ ಆರುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳು ಅಳಿವೆಯ ತುದಿಯ ತನಕ ಸಿಹಿನೀರು. ಫೆಬ್ರವರಿ ಕಳೆಯುವಷ್ಟರಲ್ಲಿ ಭರತದೊಂದಿಗೆ ಉಪ್ಪು ಹಲವು ಕಿಲೋಮೀಟರ್ ಒಳಗೆ ಏರಿ ಬಾವಿಯ ನೀರನ್ನೂ ಸವಳು ಮಾಡುತ್ತದೆ. ಒಂದೇ ಜಾಗ ವರ್ಷದಲ್ಲಿ ಎರಡು ಬೇರೆ ಲೋಕವಾಗುವುದರಿಂದಲೇ ಇಲ್ಲಿ ಇಷ್ಟು ಬಗೆಯ ಮೀನು, ಇಷ್ಟು ಬಗೆಯ ಹಕ್ಕಿ.

ಹಲಗೆಯ ರಾಜಕೀಯ

ಉಪ್ಪನ್ನು ತಡೆಯಲು ಕರಾವಳಿ ಕಂಡುಕೊಂಡ ದಾರಿ ಕಿಂಡಿ ಅಣೆಕಟ್ಟು. ಹೊಳೆಗೆ ಅಡ್ಡವಾಗಿ ಕಂಬಗಳು, ಕಂಬದ ಎರಡೂ ಬದಿಯಲ್ಲಿ ಸೀಳು, ಆ ಸೀಳಿಗೆ ಇಳಿಬಿಡುವ ಹಲಗೆಗಳು. ಹಳೆಯ ಅಣೆಕಟ್ಟುಗಳಲ್ಲಿ ಮರದ ಹಲಗೆಯ ಎರಡು ಸಾಲು ನಿಲ್ಲಿಸಿ ನಡುವೆ ಜೇಡಿಮಣ್ಣು ತುಂಬಿ ತುಳಿಯುತ್ತಾರೆ. ಮಣ್ಣು ಸರಿಯಾಗಿ ಕೂರದಿದ್ದರೆ ಸಂದಿನಲ್ಲಿ ನೀರು ಜಿನುಗಿ ಇಡೀ ಬೇಸಿಗೆಯ ಕೆಲಸ ಹಾಳು. ಈಗ ಫೈಬರ್ ಮತ್ತು ಕಬ್ಬಿಣದ ಬಾಗಿಲುಗಳೂ ಬಂದಿವೆ. ಹೊಳೆಯ ಹರಿವು ಇಳಿದ ಮೇಲೆ, ನವೆಂಬರ್–ಡಿಸೆಂಬರ್ ಹೊತ್ತಿಗೆ ಹಲಗೆ ಹಾಕುತ್ತಾರೆ, ಮೇ ಕೊನೆಗೆ ಮಳೆ ಹಿಡಿಯುವ ಮೊದಲು ತೆಗೆಯುತ್ತಾರೆ. ಸೌಪರ್ಣಿಕೆಗೆ ಬಂಟ್ವಾಡಿಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟು ಈ ಸೀಮೆಯ ದೊಡ್ಡವುಗಳಲ್ಲಿ ಒಂದು. ಸಣ್ಣ ತೋಡುಗಳಲ್ಲಿ ಇಂಥವು ಊರಿಗೊಂದರಂತೆ ಸಿಗುತ್ತವೆ. ಇದರ ಜೊತೆಗೆ ಉಪ್ಪುನೀರು ಗದ್ದೆಗೆ ನುಗ್ಗದಂತೆ ಹೊಳೆಬದಿಯಲ್ಲಿ ದಂಡೆ ಕಟ್ಟುವ ಖಾರ್‌ಲ್ಯಾಂಡ್ ಕಾಮಗಾರಿಗಳಿವೆ.

ಹಲಗೆ ಯಾವ ದಿನ ಬೀಳಬೇಕು ಎಂಬುದರ ಮೇಲೆ ಊರು ಎರಡಾಗುತ್ತದೆ. ಎರಡನೇ ಬೆಳೆಗೆ ಭತ್ತ, ಉದ್ದು, ನೆಲಗಡಲೆ ಹಾಕುವವನಿಗೆ ಬೇಗ ಬೀಳಬೇಕು. ಹೆಮ್ಮಾಡಿಯ ಸೇವಂತಿಗೆ ಬೆಳೆಗಾರರಿಗಂತೂ ಮಕರ ಸಂಕ್ರಾಂತಿಯ ಮಾರಣಕಟ್ಟೆ ಜಾತ್ರೆಗೆ ಹೂ ಸಿದ್ಧವಾಗಬೇಕು. ಸಿಹಿನೀರಿಲ್ಲದಿದ್ದರೆ ಗಿಡವೇ ಇಲ್ಲ. ಮೀನು ಹಿಡಿಯುವವನ ಲೆಕ್ಕ ಬೇರೆ. ಸಿಗಡಿ ಮರಿ ಕಡಲಿನಿಂದ ಹಿನ್ನೀರಿಗೆ ಬಂದು ಬೆಳೆದು ಹಿಂದಿರುಗುತ್ತದೆ. ಮಾಲ, ಕೆಂಬೇರಿಯಂಥ ಮೀನುಗಳ ಮರಿಗಳೂ ಹಾಗೆಯೇ ಒಳಗೆ ಬೆಳೆಯುತ್ತವೆ. ಹಲಗೆ ಬಿದ್ದರೆ ಆ ದಾರಿ ಮುಚ್ಚಿತು. ಹಲಗೆಯ ಮೇಲ್ಭಾಗದಲ್ಲಿ ಕಾಂಡ್ಲಾ ಸೊರಗಿ ಸಿಹಿನೀರಿನ ಜೊಂಡು ಬರುತ್ತದೆ, ಕೆಳಭಾಗದಲ್ಲಿ ಉಪ್ಪು ಮೊದಲಿಗಿಂತ ಗಟ್ಟಿಯಾಗುತ್ತದೆ. ಹಕ್ಕಿಗಳ ವಿಷಯದಲ್ಲೂ ಅಷ್ಟೇ: ಮೇಲೆ ಹುಂಡುಕೋಳಿ, ಕೆಳಗೆ ಕಡಲಹಕ್ಕಿ. ಅಣೆಕಟ್ಟು ಬೇಡವೆಂದು ಹೇಳುವ ಹಾಗಿಲ್ಲ, ಬಾವಿ ಉಪ್ಪಾದವರ ಮನೆಗೆ ಹೋಗಿ ಹಾಗೆ ಹೇಳುವ ಧೈರ್ಯ ಯಾರಿಗೂ ಬರದು. ಆದರೆ ಹಲಗೆ ಹಾಕುವ ದಿನವನ್ನು ಗುತ್ತಿಗೆದಾರನ ಬಿಡುವಿಗೆ ಬಿಟ್ಟಿರುವಲ್ಲಿ ರೈತನಿಗೂ ನಷ್ಟ, ಮೀನಿಗೂ ನಷ್ಟ. ಊರಿನ ರೈತರೂ ಮೀನುಗಾರರೂ ಕೂತು ದಿನ ನಿಗದಿ ಮಾಡುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಇನ್ನೂ ಮೇಲೆ, ಘಟ್ಟದಲ್ಲಿ, ಇದಕ್ಕಿಂತ ದೊಡ್ಡ ಬಾಗಿಲುಗಳಿವೆ. ವಾರಾಹಿಯ ನೀರನ್ನು ಮಾಣಿಯಲ್ಲಿ ಕಟ್ಟಿ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ಇಳಿಸಲಾಗಿದೆ. 1989ರಲ್ಲಿ ಕೆಲಸ ಶುರುಮಾಡಿದ ಈ ಕೇಂದ್ರದ ಸಾಮರ್ಥ್ಯ ಈಗ 460 ಮೆಗಾವ್ಯಾಟ್. ಮಳೆಗಾಲದಲ್ಲಿ ಹಿಡಿದಿಟ್ಟ ನೀರು ಬೇಸಿಗೆಯಲ್ಲಿ, ಅದೂ ವಿದ್ಯುತ್ತಿಗೆ ಬೇಡಿಕೆ ಹೆಚ್ಚುವ ಹೊತ್ತಿನಲ್ಲಿ, ಹೊಳೆಗೆ ಬೀಳುತ್ತದೆ. ಚಕ್ರಾ ಹೊಳೆಯ ಕಥೆ ತಿರುವುಮುರುವು: ಹೊಸನಗರ ತಾಲ್ಲೂಕಿನ ಚಕ್ರಾ–ಸಾವೆಹಕ್ಲು ಜಲಾಶಯಗಳ ನೀರನ್ನು ಲಿಂಗನಮಕ್ಕಿಗೆ ಹರಿಸಲಾಗುತ್ತದೆ. ಅಂದರೆ ಒಂದೇ ಅಳಿವೆಗೆ ಬರುವ ಎರಡು ಹೊಳೆಗಳಲ್ಲಿ ಒಂದಕ್ಕೆ ಬೇಸಿಗೆಯಲ್ಲಿ ಹಿಂದೆಂದೂ ಇರದಿದ್ದ ನೀರು, ಇನ್ನೊಂದರ ಮೇಲ್ದಂಡೆಯ ನೀರು ಬೇರೆ ಕಣಿವೆಗೆ. ಪಂಚಗಂಗಾವಳಿಯ ಉಪ್ಪಿನ ಲೆಕ್ಕಕ್ಕೆ ಇದು ಗಂಗೊಳ್ಳಿಯ ಅಲೆತಡೆಯಷ್ಟೇ ಮುಖ್ಯವಾದ ಸಂಗತಿ. ವಾರಾಹಿ ನೀರಾವರಿ ಯೋಜನೆ ಈ ನೀರನ್ನು ಕಾಲುವೆಗೆ ತಿರುಗಿಸಲು ಕೈಹಾಕಿ ದಶಕಗಳೇ ಹಿಡಿದವು. ಚರ್ಚೆಯೆಲ್ಲ ಎಷ್ಟು ಹೆಕ್ಟೇರಿಗೆ ನೀರುಣಿಸಬಹುದು ಎಂಬುದರ ಸುತ್ತ ನಡೆಯಿತು. ಅಳಿವೆಗೆ ಎಷ್ಟು ಉಳಿಯಬೇಕು ಎಂಬ ಪ್ರಶ್ನೆಗೆ ಅದೇ ತೂಕ ಸಿಗಲಿಲ್ಲ.

ಇಂಗ್ಲೆಂಡಿನ ಪೂರ್ವಭಾಗದ ಫೆನ್ ಎಂಬ ಜೌಗುನಾಡಿನ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 17ನೇ ಶತಮಾನದಿಂದ ಅಲ್ಲಿಯ ನೀರನ್ನು ಕಾಲುವೆ ತೋಡಿ ಬಸಿದು ಬೇಸಾಯಕ್ಕೆ ಇಳಿಸಿದರು. ನೀರು ಹೋದ ಮೇಲೆ ಸಸ್ಯಾವಶೇಷದ ಮಣ್ಣು ಕುಗ್ಗಿತು. ಹೋಮ್ ಫೆನ್ ಎಂಬಲ್ಲಿ 1851ರ ಸುಮಾರಿಗೆ ನೆಲಮಟ್ಟಕ್ಕೆ ಹುಗಿದ ಕಬ್ಬಿಣದ ಕಂಬ ಈಗ ಸುಮಾರು 4 ಮೀಟರ್ ಮೇಲೆ ನಿಂತಿದೆ. 2001ರಲ್ಲಿ ಶುರುವಾದ ಗ್ರೇಟ್ ಫೆನ್ ಯೋಜನೆ ಅಲ್ಲಿ ಉಳಿದ ಎರಡು ಜೌಗುತುಣುಕುಗಳ ನಡುವಿನ ಹೊಲಗಳಿಗೆ ಮತ್ತೆ ನೀರು ಬಿಟ್ಟು ಒಂದಾಗಿಸುವ ಕೆಲಸ ಮಾಡುತ್ತಿದೆ. ಅಲ್ಲಿ ಹೊಲ ಕೊಂಡು ನೀರನ್ನು ಮರಳಿ ತರಬೇಕಾಯಿತು. ಕುಂದಾಪುರದಲ್ಲಿ ನೀರು ದಿನಕ್ಕೆ ಎರಡು ಸಲ ತಾನಾಗಿ ಬರುತ್ತದೆ. ಅದಕ್ಕೆ ದಾರಿ ಬಿಡುವುದಷ್ಟೇ ಬಾಕಿ.

ಕಾಂಡ್ಲಾ

ಕುಂದಾಪುರದ ಕಡೆ ಕಾಂಡ್ಲಾ ಎಂದರೆ ಮ್ಯಾಂಗ್ರೋವ್ ಗಿಡಗಳಿಗೆಲ್ಲ ಸೇರಿದ ಹೆಸರು. ಬಿಲ್ಲಿನಂತೆ ಬೇರು ಇಳಿಬಿಡುವ ರೈಜೋಫೋರಾ, ಕೆಸರಿನಿಂದ ಮೇಲಕ್ಕೆ ಉಸಿರುಬೇರು ಚಾಚುವ ಅವಿಸೀನಿಯಾ, ದುಂಡು ಕಾಯಿಯ ಸೊನರೇಶಿಯಾ, ಸಿಹಿನೀರಿನ ಅಂಚಿನಲ್ಲಿ ಹೊಂದಿಕೊಳ್ಳುವ ಕ್ಯಾಂಡೇಲಿಯಾ, ತಗುಲಿದರೆ ಚರ್ಮ ಸುಡುವ ಹಾಲಿನ ಎಕ್ಸೀಕೇರಿಯಾ, ಮುಳ್ಳೆಲೆಯ ಹೊಳೆಚುಳ್ಳಿ ಇವುಗಳಲ್ಲಿ ಮುಖ್ಯವಾದವು. ಹಿಂದೆ ಇದನ್ನು ಸೌದೆಗೆ, ಬೇಲಿಗೂಟಕ್ಕೆ ಕಡಿಯುತ್ತಿದ್ದರು, ಅವಿಸೀನಿಯಾ ಸೊಪ್ಪನ್ನು ದನಗಳಿಗೆ ಹಾಕುತ್ತಿದ್ದರು. ಅಡುಗೆ ಅನಿಲ ಬಂದ ಮೇಲೆ ಸೌದೆಯ ಕಡಿತ ತಗ್ಗಿತು. ಅದರ ಜಾಗಕ್ಕೆ ದಂಡೆ ಕಟ್ಟುವ, ರಸ್ತೆ ಅಗಲಿಸುವ, ಜಾಗ ತುಂಬಿಸುವ ಜೆಸಿಬಿ ಬಂತು.

ಅರಣ್ಯ ಇಲಾಖೆ ಇಲ್ಲಿ ಹಲವು ವರ್ಷಗಳಿಂದ ಕಾಂಡ್ಲಾ ನೆಡುತ್ತಿದೆ. 2004ರ ಸುನಾಮಿಯ ನಂತರ ದೇಶದ ಎಲ್ಲ ಕರಾವಳಿಯಲ್ಲೂ ಈ ಕೆಲಸಕ್ಕೆ ಒತ್ತು ಬಂತು, 2023ರ ಕೇಂದ್ರ ಬಜೆಟ್ಟಿನಲ್ಲಿ ಮಿಷ್ಟಿ ಎಂಬ ಹೆಸರಿನ ಪ್ರತ್ಯೇಕ ಯೋಜನೆಯೂ ಬಂತು. ನೆಡುವ ಕೆಲಸ ನೋಡಲು ಸುಲಭ. ರೈಜೋಫೋರಾದ ಬೀಜ ತಾಯಿಮರದಲ್ಲೇ ಮೊಳೆತು ಮೊಳದುದ್ದದ ಹಸಿರು ಕೋಲಾಗಿ ನೇತಾಡುತ್ತದೆ. ಮಳೆಗಾಲದಲ್ಲಿ ಅದು ಉದುರುವ ಹೊತ್ತಿಗೆ ದೋಣಿಯಲ್ಲಿ ಹೋಗಿ ಆರಿಸಿ, ಇಳಿತದಲ್ಲಿ ಕೆಸರಿಗಿಳಿದು ಮೂರನೇ ಒಂದು ಪಾಲು ಹುಗಿಯುವಂತೆ ಚುಚ್ಚುತ್ತಾರೆ. ಅವಿಸೀನಿಯಾವನ್ನು ಮಾತ್ರ ಚೀಲದಲ್ಲಿ ಸಸಿ ಮಾಡಿಯೇ ನೆಡಬೇಕು. ಮೊಣಕಾಲುದ್ದದ ಕೆಸರಿನಲ್ಲಿ ಒಂದು ಭರತ ಬರುವಷ್ಟರೊಳಗೆ ಮುಗಿಸಬೇಕಾದ ಕೆಲಸ ಇದು. ಆಮೇಲೆ ಏಡಿ ಮೊಳಕೆ ಕತ್ತರಿಸುತ್ತದೆ, ಕಾಂಡಕ್ಕೆ ಬಾರ್ನಕಲ್ ಹತ್ತಿಕೊಳ್ಳುತ್ತದೆ, ಭರತದಲ್ಲಿ ತೇಲಿ ಬರುವ ಪ್ಲಾಸ್ಟಿಕ್ ಮತ್ತು ಹರಿದ ಬಲೆ ಎಳೆ ಗಿಡವನ್ನು ಸುತ್ತಿ ಮಲಗಿಸುತ್ತದೆ.

ಭಾರತೀಯ ಅರಣ್ಯ ಸಮೀಕ್ಷೆಯ 2013ರ ವರದಿಯಲ್ಲಿ ಕರ್ನಾಟಕದ ಮ್ಯಾಂಗ್ರೋವ್ ಕೇವಲ 3 ಚದರ ಕಿಲೋಮೀಟರ್ ಇತ್ತು. 2021ರ ವರದಿಯಲ್ಲಿ ಅದು 13. ನೆಟ್ಟದ್ದು ಬದುಕಿದ್ದರಿಂದಲೂ ಹೆಚ್ಚಿದೆ, ಉಪಗ್ರಹ ಚಿತ್ರಗಳನ್ನು ಸೂಕ್ಷ್ಮವಾಗಿ ಓದುವುದರಿಂದಲೂ ಹೆಚ್ಚಿದೆ. ಗುಜರಾತ್, ಪಶ್ಚಿಮ ಬಂಗಾಳದ ಎದುರು ಇದು ಲೆಕ್ಕಕ್ಕೇ ಬಾರದ ಸಂಖ್ಯೆ. ಅಲ್ಲಿ ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ಇದೆ. ಆದರೆ ಕುಂದಾಪುರದ ಕಾಂಡ್ಲಾಕ್ಕೆ ಬೆಲೆ ಬರುವುದು ವಿಸ್ತಾರದಿಂದಲ್ಲ. ಪ್ರತಿ ಕುದ್ರುವಿನ ಅಂಚಿಗೂ ಪಟ್ಟಿಯಂತೆ ಹಬ್ಬಿ ದಂಡೆ ಕುಸಿಯದಂತೆ ಹಿಡಿದಿರುವುದರಿಂದ.

ನೆಡುವ ಉತ್ಸಾಹದಲ್ಲಿ ಒಂದು ಎಡವಟ್ಟೂ ಇದೆ. ಗಿಡಗಳ ಸಂಖ್ಯೆಯೇ ಸಾಧನೆಯ ಅಳತೆಯಾದಾಗ, ಹಿಂದೆಂದೂ ಕಾಂಡ್ಲಾ ಇರದಿದ್ದ ತೆರೆದ ಕೆಸರು ದಿಬ್ಬದ ಮೇಲೂ ಕೋಲು ಚುಚ್ಚುವ ಆಸೆ ಹುಟ್ಟುತ್ತದೆ. ಆ ದಿಬ್ಬ ಖಾಲಿ ಜಾಗವಲ್ಲ. ಇಳಿತದಲ್ಲಿ ಹೆಂಗಸರು ಕಪ್ಪೆಚಿಪ್ಪು ಹೆಕ್ಕುವುದು ಅಲ್ಲಿ. ಚಳಿಗಾಲದಲ್ಲಿ ಉತ್ತರದಿಂದ ಬರುವ ಮರಳುಗೊರವಗಳು ಹುಳು ಹೆಕ್ಕುವುದೂ ಅಲ್ಲೇ. ಕೇರಳದ ಕಣ್ಣೂರಿನ ಹಿನ್ನೀರಿನಲ್ಲಿ ಕಾಂಡ್ಲಾ ನೆಟ್ಟೇ ಹೆಸರಾದ ಕಲ್ಲೇನ್ ಪೊಕ್ಕುಡನ್ (1937–2015) ನೆಟ್ಟದ್ದು ದಂಡೆಯ ಬದಿಗೆ, ತಮ್ಮ ಹೊಳೆಯ ಗಾಳಿ–ನೀರು ಬಲ್ಲವರಾಗಿ. ಅಳತೆಯ ಪುಸ್ತಕ ಕೈಯಲ್ಲಿ ಹಿಡಿದು ನೆಡುವವರಿಗೆ ಆ ತಿಳಿವಳಿಕೆಯನ್ನು ಊರಿನ ಮೀನುಗಾರರಿಂದ ಕೇಳಿ ಪಡೆಯಲು ಅಡ್ಡಿಯೇನೂ ಇಲ್ಲ.

ಪ್ರಾಣಿ–ಪಕ್ಷಿ

ಅಳಿವೆಯ ಮೇಲೆ ಸದಾ ಕಾಣುವುದು ಗರುಡ. ಗಂಗೊಳ್ಳಿಯ ಬಂದರಿನಲ್ಲಿ ಮೀನು ಇಳಿಯುವ ಹೊತ್ತಿಗೆ ಗಿಡುಗ, ಕಾಗೆ, ಬೆಳ್ಳಕ್ಕಿಗಳ ಜೊತೆ ಹಿಂಡುಗಟ್ಟುತ್ತದೆ. ಬಿಳಿಹೊಟ್ಟೆಯ ಕಡಲ ಹದ್ದು ಅಪರೂಪ. ಕಡಲಬದಿಯ ಎತ್ತರದ ಮರದ ಮೇಲೆ ವರ್ಷವರ್ಷವೂ ಅದೇ ಗೂಡಿಗೆ ಕಡ್ಡಿ ಸೇರಿಸುವ ಹಕ್ಕಿ ಇದು, ಮರ ಹೋದರೆ ಹಕ್ಕಿಯೂ ಹೋಯಿತು. ನೀರುಕಾಗೆ, ಬೂದು ಬಕ, ಕೆನ್ನೀಲಿ ಬಕ ಸಾಮಾನ್ಯ. ಮಿಂಚುಳ್ಳಿಗಳಲ್ಲಿ ಕಪ್ಪುಟೋಪಿಯದು ಚಳಿಗಾಲದ ಅತಿಥಿ, ಕಾಂಡ್ಲಾ ಬಿಟ್ಟು ಬೇರೆಡೆ ಕಾಣುವುದು ಕಡಿಮೆ. ಅಳಿವೆಯ ಮರಳುದಿಬ್ಬಗಳ ಮೇಲೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಡಲಕ್ಕಿಗಳೂ ರೀವಗಳೂ ಗಾಳಿಗೆ ಮುಖಮಾಡಿ ಕೂತಿರುತ್ತವೆ. ಕೋಡಿಬೆಂಗ್ರೆಯ ಕಡೆ ಇದಕ್ಕೆ ಒಳ್ಳೆಯ ನೋಟ ಸಿಗುತ್ತದೆ, ವಾರಾಂತ್ಯದ ವಾಹನಗಳು ಮರಳಿಗಿಳಿಯುವ ಮೊದಲು ಹೋಗಬೇಕು ಅಷ್ಟೆ.

ನೀರಿನಲ್ಲಿ ಗೂನುಬೆನ್ನಿನ ಡಾಲ್ಫಿನ್ ಇದೆ. ಕಡಲತೀರಕ್ಕೆ ಅಂಟಿಕೊಂಡೇ ಬದುಕುವ ಈ ಜಾತಿ ಕರ್ನಾಟಕದ ಅಳಿವೆಬಾಯಿಗಳ ಸುತ್ತ ಮೀನು ಹುಡುಕುತ್ತದೆ. ಮೀನುಗಾರರ ಹಾಗೆ ಅದಕ್ಕೂ ಬೂತಾಯಿ ಎಲ್ಲಿದೆಯೆಂಬುದೇ ಯೋಚನೆ. ನೀರುನಾಯಿ ಹೊಳೆಯ ಮೇಲ್ಭಾಗದ ಬಂಡೆಗಳಿಂದ ಹಿನ್ನೀರಿನ ತನಕ ಓಡಾಡುವ ಪ್ರಾಣಿ. ಅದಕ್ಕೂ ಮೀನು ಸಾಕುವವರಿಗೂ ಹಲವು ದೇಶಗಳಲ್ಲಿ ಜಗಳವಿದೆ. ಉಪ್ಪುಂದದ ಕಡೆ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಾರ್ಗದರ್ಶನದಲ್ಲಿ ಪಂಜರದಲ್ಲಿ ಮೀನು ಸಾಕುವುದು ಬಂದ ಮೇಲೆ, ಬಲೆ ಗಟ್ಟಿಯಿಲ್ಲದ ಪಂಜರ ಇಂಥ ಪ್ರಾಣಿಗೆ ಕರೆದು ಬಡಿಸಿದಂತೆ. ಎರಡು ಪದರದ ಬಲೆ ಹಾಕುವ ಖರ್ಚು ಸಾಕುವವನ ತಲೆಗೇ ಬೀಳುತ್ತದೆ.

ಬೈಲಿನ ಕಡೆ ಬಂದರೆ ಮಾತು ಬೇರೆ. ಜನರಿಗೆ ಅಲ್ಲಿ ತಲೆನೋವು ಕೊಡುವುದು ನವಿಲು, ಮಂಗ, ಕಾಡುಹಂದಿ. ಬಿತ್ತಿದ ಉದ್ದನ್ನು ನವಿಲು ಹೆಕ್ಕುತ್ತದೆ, ಹಾಲುಗಟ್ಟಿದ ತೆನೆಯನ್ನು ಎಳೆಯುತ್ತದೆ. ಕೆಲವು ದಶಕಗಳ ಹಿಂದೆ ನವಿಲು ನೋಡಲು ಘಟ್ಟದ ಬುಡಕ್ಕೆ ಹೋಗಬೇಕಿತ್ತು. ಹಡಿಲು ಬಿದ್ದ, ಎಂದರೆ ಬೇಸಾಯ ನಿಂತ, ಗದ್ದೆಗಳ ಪೊದೆ ಅದನ್ನು ಕಡಲತೀರದ ತನಕ ಕರೆತಂದಿತು. ಕೂಲಿ ಸಿಗದೆ, ಲಾಭವಿಲ್ಲದೆ ಗದ್ದೆ ಹಡಿಲು ಬಿಟ್ಟದ್ದು ಚಿರತೆಗೂ ಅನುಕೂಲವಾಗಿದೆ. ನಾಯಿ, ಕೋಳಿ ಬೆನ್ನಟ್ಟಿ ಬಾವಿಗೆ ಬಿದ್ದ ಚಿರತೆಯನ್ನು ಏಣಿಯಿಟ್ಟೋ ಬೋನು ಇಳಿಸಿಯೋ ಮೇಲೆತ್ತುವ ಸುದ್ದಿ ಈ ಮೂರು ತಾಲ್ಲೂಕುಗಳಿಂದ ಬರುತ್ತಲೇ ಇರುತ್ತದೆ. ಬೈಲಿನ ನಡುವಿನ ನಾಗಬನಗಳು ಹಾವು, ಉಡ, ಕಪ್ಪೆಗಳಿಗೆ ಆಸರೆ. ಜೀರ್ಣೋದ್ಧಾರದ ಹೆಸರಿನಲ್ಲಿ ಬನದ ಮರ ಕಡಿದು ಗ್ರಾನೈಟ್ ಕಟ್ಟೆ ಕಟ್ಟಿದ ಮೇಲೆ ಅಲ್ಲಿ ನಾಗನ ಕಲ್ಲು ಮಾತ್ರ ಉಳಿಯುತ್ತದೆ. ಮಳೆಯ ಮೊದಲ ವಾರ ಹೊಳೆಯಿಂದ ಗದ್ದೆಗೆ ಮೀನು ಹತ್ತುವ ಕಾಲದಲ್ಲಿ ಲಾಟೀನು ಹಿಡಿದು ಹೋಗುವ ಸಂಭ್ರಮ ಇನ್ನೂ ಇದೆ, ಆದರೆ ಮೊಟ್ಟೆಯಿಡಲು ಬರುವ ಮೀನನ್ನೇ ಹಿಡಿದರೆ ಮುಂದಿನ ವರ್ಷಕ್ಕೆ ಏನು ಎಂಬುದನ್ನು ಹಿರಿಯರೇ ಕೇಳುತ್ತಾರೆ.

ಕಡಲಾಮೆ

ಜನರೂ ವನ್ಯಜೀವಿಯೂ ಕೂಡಿ ನಡೆದ ಕೆಲಸಕ್ಕೆ ಈ ಸೀಮೆಯಲ್ಲಿ ಒಳ್ಳೆಯ ನಿದರ್ಶನ ಆಲಿವ್ ರಿಡ್ಲೆ ಕಡಲಾಮೆ. ಒಡಿಶಾದಲ್ಲಿ ಲಕ್ಷಗಟ್ಟಲೆ ಆಮೆಗಳು ಒಟ್ಟಿಗೆ ಬರುವಂತೆ ಇಲ್ಲಿ ಬರುವುದಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಅಲ್ಲೊಂದು ಇಲ್ಲೊಂದು ಹೆಣ್ಣು, ಕುಂದಾಪುರದ ಕೋಡಿ, ಮರವಂತೆ, ತ್ರಾಸಿ, ಬೈಂದೂರು ಕಡೆಯ ಮರಳಿಗೆ ಏರುತ್ತದೆ. ಹಿಂಗಾಲಿನಿಂದ ಒಂದೂವರೆ ಅಡಿ ಆಳದ ಹೂಜಿಯಾಕಾರದ ಕುಣಿ ತೋಡಿ ನೂರಕ್ಕೂ ಹೆಚ್ಚು ಮೊಟ್ಟೆಯಿಟ್ಟು, ಮರಳು ಮುಚ್ಚಿ, ಮೈಯಿಂದ ಕುಟ್ಟಿ ಗಟ್ಟಿಮಾಡಿ ಹಿಂದಿರುಗುತ್ತದೆ. ಬೆಳಗ್ಗೆ ಉಳಿಯುವುದು ಟ್ರಾಕ್ಟರಿನ ಚಕ್ರ ಹೋದಂಥ ಗುರುತು. ಅದನ್ನು ಮೊದಲು ನೋಡುವವರು ಯಾವಾಗಲೂ ಮೀನುಗಾರರೇ.

ಹಿಂದೆ ಕೋಲಿನಿಂದ ಮರಳು ಚುಚ್ಚಿ ಮೊಟ್ಟೆ ತೆಗೆದು ತಿನ್ನುವುದು, ಮಾರುವುದು ಇತ್ತು. ಅದೇ ದಂಡೆಯಲ್ಲಿ ಆಮೆಯನ್ನು ಕೂರ್ಮಾವತಾರವೆಂದು ಕೈಮುಗಿದು ಬಲೆಯಿಂದ ಬಿಡಿಸುವವರೂ ಇದ್ದರು. 2000ದ ನಂತರದ ದಶಕದಲ್ಲಿ ಎಫ್‌ಎಸ್‌ಎಲ್ ಇಂಡಿಯಾ ಎಂಬ ಸ್ವಯಂಸೇವಾ ಸಂಸ್ಥೆ ಅರಣ್ಯ ಇಲಾಖೆಯೊಂದಿಗೆ ಕುಂದಾಪುರದ ತೀರದಲ್ಲಿ ಈ ಎರಡನೆಯವರನ್ನು ಜೊತೆಗೂಡಿಸಿತು. ಗೂಡು ತೋರಿಸಿದವರಿಗೆ ಪ್ರೋತ್ಸಾಹಧನ ಕೊಡುವ ಪದ್ಧತಿ ಕರ್ನಾಟಕದ ಕರಾವಳಿಯಲ್ಲಿ ಬಂತು. ಈಚೆಗೆ ರೀಫ್ ವಾಚ್ ಸಂಸ್ಥೆ ದಡಕ್ಕೆ ಬಿದ್ದ, ಗಾಯಗೊಂಡ ಕಡಲಜೀವಿಗಳ ಆರೈಕೆಗೆ ಇದೇ ಕರಾವಳಿಯಲ್ಲಿ ಕೈಹಾಕಿದೆ.

ಗೂಡು ಸಿಕ್ಕ ಮೇಲಿನ ಕೆಲಸ ತಾಳ್ಮೆಯದು. ಅಲೆ ಮುಟ್ಟದ ಜಾಗವಾದರೆ ಅಲ್ಲೇ ಸುತ್ತ ಬಲೆ ಕಟ್ಟಿ ದಿನಾಂಕ ಬರೆದ ಫಲಕ ನೆಡುತ್ತಾರೆ. ಕೊಚ್ಚಿಹೋಗುವಂತಿದ್ದರೆ ಕೆಲವೇ ಗಂಟೆಗಳಲ್ಲಿ, ಮೊಟ್ಟೆಯ ಮೇಲು–ಕೆಳಗು ಬದಲಾಗದಂತೆ ಒಂದೊಂದಾಗಿ ಎತ್ತಿ, ಅಷ್ಟೇ ಆಳದ ಬೇರೆ ಕುಣಿಗೆ ಇಳಿಸಬೇಕು. 45ರಿಂದ 60 ದಿನಗಳಲ್ಲಿ ಮರಿ ಹೊರಬರುತ್ತದೆ. ಮರಳು ಬಿಸಿಯಾದಷ್ಟೂ ಹೆಣ್ಣುಮರಿಗಳು ಹೆಚ್ಚು, ತಂಪಾದಷ್ಟೂ ಗಂಡು. ಗೂಡಿನ ಮೇಲೆ ನೆರಳು ಹಾಕುವುದೂ ಬಿಡುವುದೂ ಹಾಗಾಗಿ ಸಣ್ಣ ತೀರ್ಮಾನವಲ್ಲ. ನಾಯಿ, ನರಿ, ಏಡಿ, ಕಾಗೆಗಳಿಂದ ಕಾಯುವುದು ಒಂದಾದರೆ, ಬೆಳಕಿನಿಂದ ಕಾಯುವುದು ಇನ್ನೊಂದು. ಕಡಲ ಮೇಲಿನ ತಿಳಿಬೆಳಕನ್ನು ನೋಡಿ ನಡೆಯಬೇಕಾದ ಮರಿ ಹೈಮಾಸ್ಟ್ ದೀಪ, ರೆಸಾರ್ಟಿನ ದೀಪ ಕಂಡರೆ ರಸ್ತೆಯ ಕಡೆಗೆ ಹೊರಡುತ್ತದೆ. ಕಡಲ್ಕೊರೆತಕ್ಕೆಂದು ಸುರಿದ ಕಲ್ಲಿನ ತಡೆಗೋಡೆ ಇರುವಲ್ಲಂತೂ ತಾಯಿಯೇ ಏರಲಾರದು. ಕಲ್ಲು ಸುರಿದಲ್ಲಿ ಕೊರೆತ ನಿಲ್ಲುವುದಕ್ಕಿಂತ ಪಕ್ಕಕ್ಕೆ ಸರಿಯುವುದೇ ಹೆಚ್ಚು ಎಂಬುದನ್ನು ತೀರದ ಮನೆಯವರು ಎಂಜಿನಿಯರಿಗೆ ಮೊದಲೇ ಹೇಳಿರುತ್ತಾರೆ.

ಬಲೆಯ ವಿಷಯ ಬೇರೆ ಇದೆ. ಕಡಲಾಮೆ 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಟ್ರಾಲ್ ಬಲೆಗೆ ಆಮೆ ಹೊರಹೋಗುವ ಕಿಂಡಿ ಜೋಡಿಸಿಲ್ಲವೆಂದು ಅಮೆರಿಕ 2019ರಿಂದ ಭಾರತದ ಕಡಲಿನ ಸಿಗಡಿಯನ್ನು ಕೊಳ್ಳುವುದು ನಿಲ್ಲಿಸಿದೆ. ಹೀಗೆ ಗಂಗೊಳ್ಳಿಯ ದೋಣಿಯವನಿಗೂ ಆಮೆಗೂ ನಂಟು ಬೆಳೆದಿರುವುದು ರಫ್ತಿನ ಬೆಲೆಯ ಮೂಲಕ. ಸಿಕ್ಕ ಆಮೆಯನ್ನು ಬಿಡಿಸಲು ಬಲೆ ಕತ್ತರಿಸಿದರೆ ಮಹಾರಾಷ್ಟ್ರದಲ್ಲಿ ಸರ್ಕಾರ 25,000 ರೂಪಾಯಿವರೆಗೆ ಪರಿಹಾರ ಕೊಡುತ್ತದೆ. ಪುಣ್ಯದ ಮೇಲೆ ಮಾತ್ರ ಭಾರ ಹಾಕದ ಇಂಥ ಏರ್ಪಾಡು ಇಲ್ಲಿಯೂ ಬೇಕು.

ಹೊಟ್ಟೆಪಾಡು

ಅಳಿವೆಯನ್ನು ನಂಬಿದವರಲ್ಲಿ ಮೊಗವೀರರು, ಕೊಂಕಣಿ ಮಾತಿನ ಖಾರ್ವಿಗಳು ಕಡಲಿಗೆ ಹೋಗುವವರು. ಕುದ್ರು, ಬೈಲಿನ ಬೇಸಾಯ ಬಂಟರು, ಬಿಲ್ಲವರು ಮತ್ತಿತರರದ್ದು. ಹೊಳೆಯಲ್ಲಿ ಬೀಸುಬಲೆ, ಗಾಳ, ಏಡಿಬಲೆಗೆ ಜಾತಿಯ ಗೆರೆ ಅಷ್ಟಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ. ಆಗ ಊರಿನ ಮೀನಿನ ಆಸೆ ತೀರಿಸುವುದು ಹೊಳೆಯ ಕಾಣೆ, ಇರ್ಪೆ, ಏಡಿ. ಕುಂದಾಪುರದ ಕಾಣೆಯ ಹೆಸರು ಬೆಂಗಳೂರಿನ ಹೋಟೆಲ್ ಫಲಕಗಳ ತನಕ ಹೋಗಿದೆ. ಮರಿಕಾಣೆ ಬೆಳೆಯುವುದು ಹಿನ್ನೀರಿನಲ್ಲಿ ಎಂಬುದು ಆ ಫಲಕದಲ್ಲಿರುವುದಿಲ್ಲ.

1990ರ ದಶಕದಲ್ಲಿ ಸಿಗಡಿ ಕೃಷಿಯ ಹುಚ್ಚು ಕುಂದಾಪುರಕ್ಕೂ ಕುಮಟಾಕ್ಕೂ ಒಟ್ಟಿಗೇ ಬಂತು. ಬೈಲುಗದ್ದೆ, ಕಾಂಡ್ಲಾ ಅಂಚುಗಳು ಕೊಳಗಳಾದವು. ಕೆಲವರು ಮನೆ ಕಟ್ಟಿದರು, ವಾಹನ ಕೊಂಡರು. ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ಬಡಿದಾಗ ಕೊಳಗಳು ಒಂದೊಂದಾಗಿ ಖಾಲಿಯಾದವು. 1996ರ ಡಿಸೆಂಬರ್‌ನಲ್ಲಿ ಎಸ್. ಜಗನ್ನಾಥನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಕೊಳಗಳನ್ನು ತೆಗೆಯಲು ಹೇಳಿತು. 2005ರ ಕಾಯ್ದೆ ಅವನ್ನು ನೋಂದಣಿ ಮಾಡಿ ಮತ್ತೆ ನಡೆಸಲು ದಾರಿ ಮಾಡಿತು. ಆಮೇಲೆ ವನಾಮಿ ಸಿಗಡಿ ಬಂತು. ಪಾಳುಬಿದ್ದ ಕೊಳಗಳ ಗತಿ ಮಾತ್ರ ಅತಂತ್ರ: ಉಪ್ಪು ಹಿಡಿದ ಮಣ್ಣಿಗೆ ಭತ್ತ ಒಗ್ಗದು, ದಂಡೆ ಒಡೆದು ಭರತ ಒಳಬಂದರೆ ಕಾಂಡ್ಲಾ ತಾನಾಗಿ ಬರುತ್ತದೆ. ನೆಡುವ ಹಣದಲ್ಲಿ ಸ್ವಲ್ಪವನ್ನು ಇಂಥ ದಂಡೆ ಒಡೆಯಲು ಬಳಸಿದರೆ ಫಲ ಹೆಚ್ಚು.

ಮರಳು ಇನ್ನೊಂದು ಸಂಕಟ. ದೋಣಿಯಲ್ಲಿ ಮುಳುಗಿ ಬುಟ್ಟಿಯಲ್ಲಿ ಮರಳೆತ್ತುವುದು ಹಳೆಯ ಕಸುಬು. ಕಟ್ಟಡದ ಬೇಡಿಕೆ ಅದನ್ನು ದೊಡ್ಡ ವ್ಯಾಪಾರ ಮಾಡಿತು. 2017ರ ಏಪ್ರಿಲ್‌ನಲ್ಲಿ ವಾರಾಹಿ ದಂಡೆಯ ಕಂಡ್ಲೂರಿನಲ್ಲಿ ಅಕ್ರಮ ಮರಳುಗಾರಿಕೆ ತಡೆಯಲು ಹೋದ ಜಿಲ್ಲಾಧಿಕಾರಿಯವರ ತಂಡದ ಮೇಲೆಯೇ ಹಲ್ಲೆ ನಡೆಯಿತು. ತಳ ಆಳವಾದಂತೆ ಉಪ್ಪು ಇನ್ನಷ್ಟು ಒಳಗೆ ಏರುತ್ತದೆ, ಚಿಪ್ಪಿನ ಹಾಸು ಹೋಗುತ್ತದೆ, ದಂಡೆ ಕುಸಿಯುತ್ತದೆ. ಕಡೆಗೆ ಅದನ್ನು ತಡೆಯಲು ಮತ್ತೊಂದು ಕಾಂಕ್ರೀಟ್ ದಂಡೆಯ ಟೆಂಡರು.

ಕಾನೂನಿನ ಸ್ಥಾನ

1991ರಲ್ಲಿ ಮೊದಲು ಬಂದು 2011, 2019ರಲ್ಲಿ ಬದಲಾದ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯೇ ಸದ್ಯ ಇಲ್ಲಿಯ ಮುಖ್ಯ ಕಾವಲು. ಕಾಂಡ್ಲಾ, ಕಡಲಾಮೆ ಗೂಡಿನ ತೀರ, ಕೆಸರು ದಿಬ್ಬಗಳನ್ನು ಅದು ಅತಿಸೂಕ್ಷ್ಮ ವರ್ಗದಲ್ಲಿಟ್ಟಿದೆ. ಉತ್ತರಕ್ಕೆ ಹೊನ್ನಾವರದಲ್ಲಿ ಅಪ್ಸರಕೊಂಡ–ಮುಗಳಿ ಸಾಗರ ಅಭಯಾರಣ್ಯ, ಕುಮಟಾದಲ್ಲಿ 2024ರ ಜನವರಿಯಲ್ಲಿ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿದ 4801 ಹೆಕ್ಟೇರಿನ ಅಘನಾಶಿನಿ ಅಳಿವೆ ಇವೆ. ಗಂಗೊಳ್ಳಿಯ ಅಳಿವೆಯಾಗಲಿ ಕೋಡಿಬೆಂಗ್ರೆಯ ಅಳಿವೆಯಾಗಲಿ ಆ ಪಟ್ಟಿಯಲ್ಲಿ ಇಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು ಮತ್ತು ಕೇರಳದ ಕಡಲುಂಡಿ–ವಳ್ಳಿಕ್ಕುನ್ನು 2007ರಲ್ಲಿ ಸಮುದಾಯ ಮೀಸಲುಗಳಾದವು. ಸಮುದಾಯ ಮೀಸಲು ಖಾಸಗಿ ಅಥವಾ ಸಮುದಾಯದ ಜಾಗಕ್ಕೆ ಹೊಂದುವಂಥದು. ಹೊಳೆ, ಕೆಸರು, ಮರಳುದಿಬ್ಬ ಸರ್ಕಾರದ್ದಾದ ಪಂಚಗಂಗಾವಳಿಗೆ ವನ್ಯಜೀವಿ ಕಾಯ್ದೆಯ 36ಎ ಕಲಮಿನ ಸಂರಕ್ಷಣಾ ಮೀಸಲು ಹೆಚ್ಚು ಒಗ್ಗುತ್ತದೆ: ಘೋಷಣೆಗೆ ಮೊದಲು ಊರವರೊಂದಿಗೆ ಸಮಾಲೋಚನೆ ಕಡ್ಡಾಯ, ಅದರ ಸಮಿತಿಯಲ್ಲಿ ಆಯಾ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿಗೆ ಜಾಗವಿದೆ. ಮೀನು ಹಿಡಿಯುವವರಿಗೂ ಹಲಗೆ ಹಾಕುವವರಿಗೂ ಒಂದೇ ಮೇಜು ಅಲ್ಲಿ ಸಿಗಬಹುದು.